ಇಂದಿನ ಧಮ್ಮ ಚಿಂತನೆ: ರಥ ಎಲ್ಲಿದೆ?



ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್ ಕಾರು ಶೋಲಾವರಂ ರೇಸಿನಲ್ಲೂ ಓಡಿತ್ತು. ಆಸೆಪಟ್ಟವರು ಇಂದಿಗೂ ಅದನ್ನು ಮನೆಯ ಷೆಡ್ಡಿನಲ್ಲಿ ಬಿಚ್ಚಿ ಕಟ್ಟುತ್ತಾರೆ. ಎಂಜಿನ್ ಒಂದರದು, ಬಾಗಿಲು ಇನ್ನೊಂದರದು, ತುಕ್ಕು ತಿಂದ ತಳಕ್ಕೆ ಹೊಸ ತಗಡು. ಹಾಗಾದರೆ ಹೆರಾಲ್ಡ್ ಯಾವುದು? ಮಿಲಿಂದ ರಾಜನಿಗೆ ಭಂತೆ ನಾಗಸೇನರು ಹಾಕಿದ ಪ್ರಶ್ನೆಯೂ ಇದೇ: ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ. ಎಲ್ಲ ಕೂಡಿದಾಗ ಇಟ್ಟ ಹೆಸರಷ್ಟೇ. (ಬಾಬಾಸಾಹೇಬರ ಔರಂಗಾಬಾದ್ ಕಾಲೇಜಿಗೆ ಮಿಲಿಂದನ ಹೆಸರಿರುವುದು ಸುಮ್ಮನೆ ಅಲ್ಲ.)

ತಿಪಟೂರು ಸಂತೆಯಲ್ಲಿ, ತುರುವೇಕೆರೆ ಬಸ್ಸಿನಲ್ಲಿ "ನೀವು ಯಾವ ಜನ?" ಅಂತಾರಲ್ಲ, ಆ 'ಜನ' ಮೈಯಲ್ಲಿ ಎಲ್ಲಿದೆ? ರಕ್ತದಲ್ಲೇ? ಮೂಳೆಯಲ್ಲೇ? ಬಿಚ್ಚಿ ಹುಡುಕಿದರೂ ಸಿಗದು. ಬರೀ ಹೆಸರು ತಾನೇ ಎಂದು ಹಗುರ ಮಾಡಬೇಡಿ. ಆ ಹೆಸರಿಗೇ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದರು.