ಅಭಿಮಾನವೂ ಆರಾಧನೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಸೀಮೆಗಳ ಪ್ರಿಯ ಸಭೆಯವರೇ, ಬಯಲಾಟದ ಹಾಸ್ಯಗಾರನ ಒಂದು ಮಾತಿಗೆ ಗದ್ದೆ ತುಂಬ ಜನರು ನಗುವದನ್ನು ನಾವು ಕೇಳಿದ್ದೇವೆ, ನಾವೂ ನಕ್ಕಿದ್ದೇವೆ. ನಗುವದು ಪಾಪವೆಂದು ಹೇಳುವದಕ್ಕೆ ಇದನ್ನು ಬರೆಯುವದಿಲ್ಲ. ಆದರೆ ನಗಿಸಿದವನಿಗೆ ನಾವು ಏನನ್ನು ಸಲ್ಲಿಸತಕ್ಕದ್ದು? ಸಿನೆಮಾ ನಟರ ಪಟಗಳಿಗೆ ಹಾಲೆರೆಯುವವರನ್ನು ಕಂಡು ನಮ್ಮ ಯೌವನಸ್ಥರಲ್ಲಿ ಕೆಲವರು, ಇದು ಬರೇ ಸಂತೋಷವಲ್ಲವೇ, ಅನ್ನುತ್ತಾರೆ.

ಲುಸ್ತ್ರದವರೂ ಸಂತೋಷದಿಂದಲೇ ಪೌಲ ಬಾರ್ನಬರ ಮುಂದೆ ಎತ್ತುಗಳನ್ನೂ ಹೂಮಾಲೆಗಳನ್ನೂ ತಂದರು. ಅಪೊಸ್ತಲರು ವಸ್ತ್ರಗಳನ್ನು ಹರಕೊಂಡು ತಡೆದರು. ಬಳಿಕ ಅದೇ ಊರಿನಲ್ಲಿ ಪೌಲನ ಮೇಲೆ ಕಲ್ಲುಗಳು ಬಿದ್ದವು.

ಡಾ. ರಾಜ್‌ಕುಮಾರರು ತಮ್ಮನ್ನು ಮೆಚ್ಚಿದವರನ್ನೇ ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದರು. ಆ ಹೆಸರನ್ನು ನಾವು ಒಪ್ಪಲಾರೆವು. ಅದರೊಳಗಿನ ತಗ್ಗಿದ ಮನಸ್ಸನ್ನು ಅಲ್ಲಗಳೆಯಲಾರೆವು. 2006ನೇ ಇಸವಿ ಏಪ್ರಿಲ್ 12ರಂದು ಅವರು ತೀರಿಹೋದಾಗ ಬೆಂಗಳೂರಿನಲ್ಲಿ ಜನರ ದುಃಖವು ಕಲ್ಲೂ ಬೆಂಕಿಯೂ ಆಗಿ, ಪ್ರಾಣಗಳು ಹೋದವು. ಆದರೆ ಅವರ ಕಣ್ಣುಗಳು ದಾನವಾಗಿದ್ದವು. 2021ರ ಅಕ್ಟೋಬರ್ 29ರಂದು ಮಗನಾದ ಪುನೀತರು ತೀರಿದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಕೇಳಿ ಅನೇಕ ಅಭಿಮಾನಿಗಳು, ನಮ್ಮ ಕಣ್ಣುಗಳನ್ನೂ ಕೊಡುವೆವು ಎಂದು ಹೆಸರು ಬರೆಸಿದರು. ಹಾಲೆರೆದ ಕೈಗಳೂ ಅವುಗಳಲ್ಲಿ ಇದ್ದಿರಬಹುದು.

ಅವರಲ್ಲಿ ಹೆಚ್ಚಿನವರು ನಮ್ಮ ಸಭೆಗೆ ಸೇರಿದವರಲ್ಲ. ಕುರುಡರ ಕಣ್ಣು ತೆರೆದ ಕರ್ತನ ಹೆಸರುಳ್ಳ ನಾವಾದರೋ ಎಷ್ಟು ಮಂದಿ ಬರೆಸಿದ್ದೇವೆ? ಪ್ರಾರ್ಥನೆಯ ಕೂಟದಲ್ಲಿ ಇದನ್ನು ಕೇಳಿದಾಗ ಎಲ್ಲರೂ ನೆಲವನ್ನು ನೋಡಿದರು. ಕೇಳಿದ ನಾವೂ ನೋಡಿದೆವು.