ನರೆಗೂದಲು ತರುವ ಸುದ್ದಿ

ಮಿಥಿಲೆಯ ದೊರೆ ಮಖಾದೇವ ತನ್ನ ಕ್ಷೌರಿಕನಿಗೆ ಮೊದಲೇ ಹೇಳಿಟ್ಟಿದ್ದ: ತಲೆಯಲ್ಲಿ ನರೆ ಕಂಡ ದಿನ ಮುಚ್ಚಿಡದೆ ತಿಳಿಸಬೇಕು. ಒಂದು ದಿನ ಕಂಡೇಬಿಟ್ಟಿತು. ಕ್ಷೌರಿಕ ಆ ಎಳೆಯನ್ನು ಚಿನ್ನದ ಚಿಮಟದಿಂದ ಕಿತ್ತು ದೊರೆಯ ಅಂಗೈಯಲ್ಲಿಟ್ಟ. ಮಖಾದೇವ ಅವನಿಗೊಂದು ಊರನ್ನು ಉಂಬಳಿ ಕೊಟ್ಟು, ರಾಜ್ಯವನ್ನು ಮಗನಿಗೆ ಒಪ್ಪಿಸಿ, ಮಾವಿನ ತೋಪಿಗೆ ಹೋಗಿ ತಪಸ್ಸಿಗೆ ಕುಳಿತ. ಪಾಲಿ ಜಾತಕದ ಈ ಕಥೆಯಲ್ಲಿ ನರೆಗೂದಲೇ ದೇವದೂತ.

ಶರೀರಶಾಸ್ತ್ರ ಹೇಳುವುದು ಬೇರೆ. ಕೂದಲ ಬುಡದ ಮೆಲನೋಸೈಟ್ ಕೋಶಗಳು ಬೆಳೆಯುವ ಕೂದಲಿಗೆ ಬಣ್ಣ ತುಂಬುತ್ತವೆ. ಹಳೆಯದು ಉದುರಿ ಹೊಸದು ಹುಟ್ಟುವಾಗಲೆಲ್ಲ ಅಲ್ಲಿನ ಕಾಂಡಕೋಶಗಳಿಂದ ಹೊಸ ಮೆಲನೋಸೈಟುಗಳು ಬರಬೇಕು. ವಯಸ್ಸಾದಂತೆ ಆ ದಾಸ್ತಾನು ಕರಗುತ್ತದೆ. ಕೆಲವು ಕಾಂಡಕೋಶಗಳು ಒಂದೇ ಜಾಗದಲ್ಲಿ ಸಿಕ್ಕಿಕೊಂಡು ನಿಷ್ಕ್ರಿಯವಾಗುವುದನ್ನು 2023ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ತೋರಿಸಿಕೊಟ್ಟರು. ಹೊರಬಂದ ಕಪ್ಪು ಕೂದಲು ತಾನಾಗಿ ಬೆಳ್ಳಗಾಗುವುದಿಲ್ಲ. ಬಿಳಿಗೂದಲು ಬುಡದಿಂದಲೇ ಬಣ್ಣವಿಲ್ಲದೆ ಬರುತ್ತದೆ.

ಕಾರಣ ತಿಳಿಯಿತು. ಆದರೆ ಮುಪ್ಪನ್ನು ಕಂಡ ಮಾತ್ರಕ್ಕೆ ಮನುಷ್ಯ ಬದಲಾಗುತ್ತಾನೆಯೇ?

ಬಿ.ಆರ್. ಅಂಬೇಡ್ಕರ್ ಇದನ್ನು ಒಪ್ಪಲಿಲ್ಲ. ಮುದುಕ, ರೋಗಿ, ಶವವನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಅವರು ‘ಬುದ್ಧ ಮತ್ತು ಅವನ ಧಮ್ಮ’ದ ಪೀಠಿಕೆಯಲ್ಲೇ ಪ್ರಶ್ನಿಸಿದರು. 29 ವರ್ಷದವರೆಗೆ ಅವನ ಕಣ್ಣಿಗೆ ಇವು ಬಿದ್ದೇ ಇರಲಿಲ್ಲವೇ? ಅವರ ಪ್ರಕಾರ ಸಿದ್ಧಾರ್ಥ ಮನೆ ಬಿಡಲು ಕಾರಣವಾದದ್ದು ರೋಹಿಣಿ ನದಿಯ ನೀರಿಗಾಗಿ ಅವನ ಕುಲದ ಶಾಕ್ಯರಿಗೂ ನೆರೆಯ ಕೋಲಿಯರಿಗೂ ಎದ್ದ ಜಗಳ. ಮಖಾದೇವನ ಕಥೆಗಿಂತ ಈ ಓದಿಗೆ ಹೆಚ್ಚು ಬಲವಿದೆ. ನರೆ ಬಹುಮಟ್ಟಿಗೆ ಎಲ್ಲರ ತಲೆಗೂ ಬರುತ್ತದೆ, ಅಂಬೇಡ್ಕರ್ ಸ್ವತಃ ಅನುಭವಿಸಿದ ಅಸ್ಪೃಶ್ಯತೆ ಕೆಲವರ ಪಾಲಿಗೆ ಮಾತ್ರ ಬಂತು. ಮೊದಲನೆಯದಕ್ಕೆ ಕೋಶಗಳು ಕಾರಣ, ಎರಡನೆಯದಕ್ಕೆ ಮನುಷ್ಯರೇ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದಾಗ ಅಂಬೇಡ್ಕರರಿಗೆ 65 ವರ್ಷ. ಮಧುಮೇಹ ದೇಹವನ್ನು ಹಣ್ಣು ಮಾಡಿತ್ತು. ದೀಕ್ಷೆ ಕೊಟ್ಟ ಬರ್ಮಾದ ಭಿಕ್ಕು ಯು ಚಂದ್ರಮಣಿಯವರಿಗೆ 80ರ ಆಸುಪಾಸು. ಆ ವಯಸ್ಸಿನಲ್ಲಿ ಅಂಬೇಡ್ಕರ್ ಹೋದದ್ದು ತೋಪಿಗಲ್ಲ, ಲಕ್ಷಾಂತರ ಜನರ ನಡುವೆ. ಆ ಜನರಿಗೆ 22 ಪ್ರತಿಜ್ಞೆಗಳನ್ನು ತಾವೇ ಬೋಧಿಸಿದರು. ಡಿಸೆಂಬರ್ 6ರಂದು ತೀರಿಕೊಂಡರು. ದಸರೆ ಬಂತೆಂದರೆ ಆ ದೀಕ್ಷೆಯ ನೆನಪಿಗೆ ಕಲಬುರಗಿ, ಬೀದರ್ ಕಡೆಯವರೂ ನಾಗಪುರದ ದೀಕ್ಷಾಭೂಮಿಯ ದಾರಿ ಹಿಡಿಯುತ್ತಾರೆ.

ನರೆಯ ಹಿರಿತನವನ್ನು ಬೌದ್ಧ ಸಂಘ ಮೊದಲಿನಿಂದಲೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ತಲೆ ಬೋಳಿಸಿಕೊಂಡು ಬಂದವನಿಗೆ ಗುರು ಮೊದಲು ಧ್ಯಾನಿಸಲು ಹೇಳುವುದು ಕೂದಲನ್ನೇ. ಆಮೇಲೆ ಮೈರೋಮ, ಉಗುರು, ಹಲ್ಲು, ಚರ್ಮ. ಅಲ್ಲಿ ಹಿರಿಯರು ಯಾರೆಂದು ತೀರ್ಮಾನಿಸುವುದು ಭಿಕ್ಕುವಾದ ಮೇಲೆ ಕಳೆದ ಮಳೆಗಾಲಗಳನ್ನು ಎಣಿಸಿ. 60ರ ವಯಸ್ಸಿನಲ್ಲಿ ಸಂಘ ಸೇರಿದವರು, ತಮಗಿಂತ ಮೊದಲು ಸೇರಿದ 30ರ ಯುವಕನಿಗೆ ತಲೆಬಾಗಿ ವಂದಿಸಬೇಕು.