ಅವಳೇಕೆ ನೋಡಬೇಕು?

ನನ್ನ ಹತ್ತಿರ 31 ಚಾಕುಗಳಿವೆ. ಈ ಒಂದು ವಾಕ್ಯ ಬರೆಯಲು ಎರಡು ದಿನ ಯೋಚಿಸಿದೆ. ಅಂಚೆಚೀಟಿ, ನಾಣ್ಯ, ಹಳೆಯ ಗಡಿಯಾರ ಕೂಡಿಡುವವರಿಗೆ ಈ ತಾಪತ್ರಯವಿಲ್ಲ. ನನ್ನಂಥ ಹೆಸರಿನವನು ಮನೆಯಲ್ಲಿ ಚಾಕು ಕೂಡಿಟ್ಟಿದ್ದೇನೆ ಎಂದರೆ ಓದುವವರು ಒಂದು ಗಳಿಗೆ ತಡೆದು ನಿಲ್ಲುತ್ತಾರೆ. ಆದರೆ ನಾನು ಹೇಳಹೊರಟಿದ್ದು ಅದಕ್ಕಿಂತ ಸಣ್ಣದೆಂದು ತೋರುವ ಒಂದು ದೂರು. ಮದುವೆಯಾಗಿ ಹದಿನೆಂಟು ವರ್ಷವಾಯಿತು, ನನ್ನ ಹೆಂಡತಿ ಈ ಚಾಕುಗಳನ್ನು ಕಣ್ಣೆತ್ತಿ ನೋಡುವುದಿಲ್ಲ.

ಈ ಹುಚ್ಚು ಹತ್ತಿದ್ದು ಒಂದು ಕಲಂತರಾಶ್‌ನಿಂದ. ನಾನು ಓದಿದ ಉರ್ದು ಶಾಲೆಯಲ್ಲಿ ಮೊದಲ ವರ್ಷಗಳಲ್ಲಿ ಮರದ ಹಲಗೆಯ ಮೇಲೆ ಜೊಂಡಿನ ಲೇಖನಿಯಿಂದ ಬರೆಯುತ್ತಿದ್ದೆವು. ಲೇಖನಿಯ ಮೊನೆ ಮೊಂಡಾದಾಗ ಉಸ್ತಾದರ ಮುಂದೆ ಸಾಲಾಗಿ ನಿಲ್ಲಬೇಕು. ಅವರು ಜೇಬಿನಿಂದ ಬೆರಳುದ್ದದ ಚಾಕು ತೆಗೆದು, ಮೊನೆಯನ್ನು ಓರೆಯಾಗಿ ಕತ್ತರಿಸಿ, ನಡುವೆ ಕೂದಲೆಳೆಯಷ್ಟು ಸೀಳು ಬಿಟ್ಟು ಕೊಡುತ್ತಿದ್ದರು. ಆ ಓರೆ ಸರಿಯಿದ್ದರೆ ಅಲಿಫ್ ನೆಟ್ಟಗೆ ನಿಲ್ಲುತ್ತಿತ್ತು, ಬೇ ದೋಣಿಯಂತೆ ತೇಲುತ್ತಿತ್ತು. ಅಕ್ಷರದ ಅಂದ ಕೈಯಲ್ಲಲ್ಲ, ಚಾಕುವಿನಲ್ಲಿದೆ ಎಂದು ಆಗ ನಂಬಿದ್ದೆ. ಅವರು ತೀರಿಕೊಂಡ ಮೇಲೆ ಅವರ ಮಗ ಅದನ್ನು ನನಗೆ ಕೊಟ್ಟ. ಆಮೇಲೆ ಒಂದೊಂದಾಗಿ ಬಂದವು. ಮಡಿಕೇರಿಯಲ್ಲಿ ಕೊಂಡ ಪೀಚೆಕತ್ತಿ, ಮಲೆನಾಡಿನ ಅಡಿಕೆ ಸುಲಿಯುವ ಮೆಟ್ಟುಗತ್ತಿ, ಗುಂಡಿ ಒತ್ತಿದರೆ ಸಟಕ್ಕನೆ ಬಿಚ್ಚಿಕೊಳ್ಳುವ ರಾಂಪುರಿ, ಅಜ್ಜಿಯ ಪಾನ್‌ದಾನಿನಲ್ಲಿದ್ದ ಸರೋತಾ. ಸರೋತಾ ಚಾಕುವೇ ಅಲ್ಲ ಎನ್ನುವ ಗೆಳೆಯರಿದ್ದಾರೆ. ಇರಲಿ, ಸಂಗ್ರಹ ನನ್ನದು.

ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ಮಂಚದ ಮೇಲೆ ಬಿಳಿ ಚಾದರ ಹಾಸಿ ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಪ್ರತಿಯೊಂದರ ಕೆಳಗೆ ಊರು, ವರ್ಷ ಬರೆದ ಚೀಟಿ ಇಟ್ಟೆ. ಅವಳನ್ನು ಕರೆದು ಪಾಠ ಶುರುಮಾಡಿದೆ. ಲೋಕವೆಲ್ಲ ಡಮಾಸ್ಕಸ್ ಖಡ್ಗವೆಂದು ಹೊಗಳಿತಲ್ಲ, ಅದಕ್ಕೆ ಉಕ್ಕು ಹೋಗುತ್ತಿದ್ದುದು ನಮ್ಮ ದಕ್ಷಿಣ ಭಾರತದ ಕುಲುಮೆಗಳಿಂದ. ಇಂಗ್ಲಿಷಿನವರು ಅದನ್ನು ವೂಟ್ಜ್ ಎಂದು ಕರೆದರು, ಆ ಪದ ಹುಟ್ಟಿದ್ದು ನಮ್ಮ ಕನ್ನಡದ ಉಕ್ಕು ಎಂಬ ಮಾತಿನಿಂದಲೇ ಎಂದು ವಿದ್ವಾಂಸರು ಹೇಳುತ್ತಾರೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯಲ್ಲಿ ತಿರುಗಾಡಿ ಇಲ್ಲಿ ಉಕ್ಕು ಮಾಡುವ ಬಗೆಯನ್ನು ಬರೆದಿಟ್ಟ. ವಿದ್ಯುತ್ತಿನ ಮೈಕೆಲ್ ಫ್ಯಾರಡೆಯೂ ಈ ಉಕ್ಕಿನ ಗುಟ್ಟು ಹುಡುಕಲು ಹೊರಟಿದ್ದ... ಅವಳು ನಡುವೆ ಎದ್ದು, “ಹಾಲು ಒಲೆ ಮೇಲಿದೆ” ಎಂದು ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ.

ಅಂದಿನಿಂದ ನನ್ನೊಳಗೆ ಒಂದು ಮುನಿಸು ಕೂತಿತು. ಪ್ರೀತಿಸುವವರು ನಾವು ಪ್ರೀತಿಸುವ ವಸ್ತುವನ್ನೂ ಸ್ವಲ್ಪ ಪ್ರೀತಿಸಬಾರದೆ? ಪ್ರೀತಿಸದಿದ್ದರೆ ಬೇಡ, ನೋಡಬಾರದೆ? ಗೆಳೆಯನೊಬ್ಬ ಸಮಾಧಾನ ಹೇಳಿದ: “ನನ್ನ ಹೆಂಡತಿ ನನ್ನ ಜೊತೆ ಕೂತು ಕ್ರಿಕೆಟ್ ನೋಡುತ್ತಾಳೆ. ಏನೂ ತಿಳಿಯುವುದಿಲ್ಲ, ಆದರೂ ಚಪ್ಪಾಳೆ ತಟ್ಟುತ್ತಾಳೆ.” ಅವನ ಹೆಂಡತಿಯ ಬಗ್ಗೆ ಅಸೂಯೆಪಟ್ಟೆ. ಈಗ ಅವಳ ಬಗ್ಗೆ ಕನಿಕರವಾಗುತ್ತದೆ. ಒಂದು ಸಂಜೆಯ ಮಟ್ಟಿಗೆ ಆಸಕ್ತಿ ಇರುವಂತೆ ನಟಿಸುವುದು ಸೌಜನ್ಯ. ಇಡೀ ಜೀವಮಾನ ನಟಿಸುವುದು ಜೀತ.

ನಾವು ‘ಹಂಚಿಕೊಳ್ಳುವುದು’ ಎಂಬ ಮಾತನ್ನು ಬಲು ಸಲೀಸಾಗಿ ಬಳಸುತ್ತೇವೆ. ನನ್ನ ರೊಟ್ಟಿಯನ್ನು ಹಂಚಿಕೊಂಡರೆ ನನ್ನ ಪಾಲು ಕಡಿಮೆಯಾಗುತ್ತದೆ. ನನ್ನ ಹವ್ಯಾಸವನ್ನು ಅವಳೊಂದಿಗೆ ಹಂಚಿಕೊಂಡೆ ಎನ್ನುವಾಗ ನನ್ನದೇನೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಅವಳ ಭಾನುವಾರ. ಕೊಡುತ್ತಿದ್ದೇನೆ ಎಂದುಕೊಂಡು ನಾನು ಕೇಳುತ್ತಿದ್ದೆ, ಅದೂ ಮೆಚ್ಚುಗೆಯನ್ನು. ಇದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ನನ್ನ ಮುನಿಸಿಗೆ ಧರ್ಮದ ಆಧಾರವನ್ನೂ ಹುಡುಕಿಕೊಂಡಿದ್ದೆ.

ಆ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಈದ್‌ನ ದಿನ ಅಬಿಸೀನಿಯಾದ ಜನರು ಮದೀನಾದ ಮಸೀದಿಯಲ್ಲಿ ಈಟಿ, ಗುರಾಣಿ ಹಿಡಿದು ಆಟವಾಡುತ್ತಿದ್ದರು. ಹಝ್ರತ್ ಆಯಿಶಾ (ರ) ಅದನ್ನು ನೋಡಬಯಸಿದರು. ಪ್ರವಾದಿಯವರು (ಸ) ತಮ್ಮ ಹೊದಿಕೆಯಿಂದ ಅವರಿಗೆ ಮರೆ ಮಾಡಿ ನಿಂತರು, ಆಯಿಶಾ ಅವರ ಹಿಂದೆ ನಿಂತು ನೋಡಿದರು. ನೋಡಿ ನೋಡಿ ಆಯಿಶಾರಿಗೇ ಸಾಕೆನಿಸುವವರೆಗೂ ಪ್ರವಾದಿಯವರು ಕದಲಲಿಲ್ಲ. ಈ ಪ್ರಸಂಗವನ್ನು ನಾನು ಹೆಂಡತಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನೋಡು, ಸಂಗಾತಿಯ ಖುಷಿಯಲ್ಲಿ ಪಾಲುಗೊಳ್ಳುವುದು ಸುನ್ನತ್, ಅದರಲ್ಲಿ ಆಯುಧವೂ ಇದೆ ನೋಡು ಎಂದು. ಅವಳು ತಲೆಯಾಡಿಸಿ ಸೊಪ್ಪು ಬಿಡಿಸುತ್ತಿದ್ದಳು.

ಒಮ್ಮೆ ಮಾತ್ರ ಅವಳು ಒಂದು ಚಾಕುವನ್ನು ಕೈಗೆತ್ತಿಕೊಂಡಳು. ಅಲುಗಿನ ಮೇಲೆ ಹೆಬ್ಬೆರಳನ್ನು ಉದ್ದಕ್ಕಲ್ಲ, ಅಡ್ಡಕ್ಕೆ ಹಗುರವಾಗಿ ಆಡಿಸಿ, “ಇದಕ್ಕೆ ಸಾಣೆಯೇ ಇಲ್ಲ, ಟೊಮೇಟೊ ಕೂಡ ಕತ್ತರಿಸುವುದಿಲ್ಲ” ಎಂದು ಇಟ್ಟುಬಿಟ್ಟಳು. ನನಗೆ ಅವಮಾನವಾಯಿತು. ಆದರೆ ಹಾಗೆ ಬೆರಳಾಡಿಸುವುದನ್ನು ಎಲ್ಲಿ ಕಲಿತೆ ಎಂದು ನಾನು ಕೇಳಲಿಲ್ಲ. ಮಾವ ಹಿಂದೆ ಮಟನ್ ಅಂಗಡಿ ಇಟ್ಟಿದ್ದರೆಂದು ಗೊತ್ತಿತ್ತು. ನಮ್ಮ ಮದುವೆಯ ಹೊತ್ತಿಗೆ ಅವರು ಹಣ್ಣು ಮಾರುತ್ತಿದ್ದರು. ಒಂದೊಂದು ಚಾಕುವಿನ ಹಿಂದೆ ಊರು ಕೇರಿ ಅಲೆದು ಅದರ ಜಾತಕ ಕೇಳಿದ ನಾನು, ಮಾವ ಕಸುಬು ಬಿಟ್ಟದ್ದೇಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ, ಬಕ್ರೀದ್‌ಗೆ ಎರಡು ದಿನ ಇರುವಾಗ, ಎಣ್ಣೆ ಸವರಲೆಂದು ಎಲ್ಲವನ್ನೂ ಎಂದಿನಂತೆ ಬಿಳಿ ಚಾದರದ ಮೇಲೆ ಜೋಡಿಸಿದ್ದೆ. ಮಗಳು ಬಂದು ಮೊಬೈಲಿನಲ್ಲಿ ಫೋಟೋ ತೆಗೆದು, “ಅಬ್ಬಾ, ಸ್ಟೇಟಸ್‌ಗೆ ಹಾಕಲಾ?” ಎಂದಳು. ಅಡುಗೆಮನೆಯಿಂದ ಹೆಂಡತಿ ಓಡಿಬಂದ ರೀತಿ ನೋಡಿ ಒಲೆಗೆ ಬೆಂಕಿಯೇ ಹತ್ತಿಕೊಂಡಿತೇನೋ ಎಂದುಕೊಂಡೆ. ಮೊಬೈಲ್ ಕಸಿದುಕೊಂಡು ಆ ಫೋಟೋ ಅಳಿಸಿದಳು. ಕೈ ನಡುಗುತ್ತಿತ್ತು. ರಾತ್ರಿ ಮಕ್ಕಳು ಮಲಗಿದ ಮೇಲೆ ಹೇಳಿದಳು.

ಅವಳು ಏಳನೆಯ ಕ್ಲಾಸಿನಲ್ಲಿದ್ದಾಗ ಅವರ ಊರಿನಲ್ಲಿ ಗಲಭೆಯಾಗಿ ಕರ್ಫ್ಯೂ ಹಾಕಿದ್ದರು. ಮನೆಮನೆ ತಪಾಸಣೆಗೆ ಬಂದವರು ಅವಳ ತಂದೆಯ ಅಂಗಡಿಯ ಬೀಗ ತೆಗೆಸಿ ಕತ್ತಿ, ಚೂರಿ ಎಲ್ಲವನ್ನೂ ಕೊಂಡೊಯ್ದರು. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕತ್ತಿಗಳನ್ನು ಸಾಲಾಗಿ ಜೋಡಿಸಿ, ಕೆಳಗೆ ‘ವಶಪಡಿಸಿಕೊಂಡ ಮಾರಕಾಯುಧಗಳು’ ಎಂದು ಬರೆದಿದ್ದರು. ಅವುಗಳಲ್ಲಿ ಒಂದರ ಹಿಡಿಗೆ ರಿಬ್ಬನ್ ಸುತ್ತಿತ್ತು. ಹಿಡಿ ಜಾರುತ್ತದೆಂದು ತಂದೆ ಅವಳಿಂದ ಕೇಳಿ ಪಡೆದ, ಅವಳ ಜಡೆಯ ಹಳೆಯ ರಿಬ್ಬನ್. “ಪೇಪರಿನಲ್ಲಿ ಅದು ಕಪ್ಪಗೆ ಕಾಣುತ್ತಿತ್ತು. ನೀಲಿ ಅಂತ ನನಗೆ ಮಾತ್ರ ಗೊತ್ತಿತ್ತು” ಎಂದಳು. ತಿಂಗಳುಗಳ ಮೇಲೆ ವಾಪಸು ಬಂದಾಗ ಎಲ್ಲ ತುಕ್ಕು ಹಿಡಿದಿದ್ದವು. ಮಾವ ಅವನ್ನು ಸಾಣೆಗೆ ಕೊಡಲಿಲ್ಲ, ಗುಜರಿಗೆ ಹಾಕಿದರು.

ಹದಿನಾರು ವರ್ಷದಿಂದ ನಾನು ಅವಳ ಮುಂದೆ ಹಾಸುತ್ತಿದ್ದುದು ಆ ಫೋಟೋವನ್ನು. ಚೀಟಿಗಳ ಸಮೇತ.

ಅಂದು ನಾನು ಮೊದಲು ಆಡಿದ ಮಾತು ನೆನೆದರೆ ನಾಚಿಕೆಯಾಗುತ್ತದೆ. ಕಾನೂನು ಹೇಳಿದೆ. 1959ರ ಆಯುಧ ಕಾಯ್ದೆಯ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲುಗನ್ನು ಆಯುಧದ ಪಟ್ಟಿಗೆ ಸೇರಿಸಿದ್ದಾರೆ, ಮನೆಬಳಕೆಯವನ್ನೂ ಬೇಸಾಯದವನ್ನೂ ಹೊರಗಿಟ್ಟಿದ್ದಾರೆ, ನಾನು ಎಲ್ಲವನ್ನೂ ಅಳೆದಿದ್ದೇನೆ, ಒಂದೂ ಮಿತಿ ಮೀರಿಲ್ಲ ಎಂದೆ. ಅವಳು ಕೇಳಿದಳು: “ಬರುವವರ ಕೈಯಲ್ಲಿ ಸ್ಕೇಲ್ ಇರುತ್ತದೆಯೇ?”

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕೈಲ್‌ಪೊಳ್ದ್ ದಿನ ಕೊಡಗಿನ ಮನೆಗಳಲ್ಲಿ ಕತ್ತಿ, ಕೋವಿಗಳಿಗೆ ಹೂವಿಟ್ಟು ಪೂಜಿಸುತ್ತಾರೆ. ಆಯುಧಪೂಜೆಯಂದು ನಮ್ಮ ನೆರೆಯವರು ಮಚ್ಚು ಕುಡುಗೋಲುಗಳಿಗೆ ಕುಂಕುಮ ಹಚ್ಚುತ್ತಾರೆ, ನಮಗೂ ಪುರಿ ಸಿಹಿ ಕೊಡುತ್ತಾರೆ. ರಾಂಪುರದಲ್ಲಂತೂ 2023ರಲ್ಲಿ ವೃತ್ತವೊಂದರಲ್ಲಿ ಆಳೆತ್ತರ ಮೀರಿದ ಚಾಕುವನ್ನೇ ಸ್ಮಾರಕವಾಗಿ ನಿಲ್ಲಿಸಿದರು. ಇವೆಲ್ಲ ಚೆಂದವೇ. ಅದೇ ಕಬ್ಬಿಣ ಒಂದು ಮನೆಯಲ್ಲಿ ಪೂಜೆ, ಇನ್ನೊಂದು ಮನೆಯಲ್ಲಿ ಪುರಾವೆ ಆಗುತ್ತದೆಂಬುದು ನನಗೂ ಗೊತ್ತಿತ್ತು, ಭಾಷಣಗಳಲ್ಲಿ ಹೇಳಿಯೂ ಇದ್ದೆ. ನನ್ನ ಮನೆಯಲ್ಲೇ ಅದನ್ನು ಬಲ್ಲವಳೊಬ್ಬಳು ಸೊಪ್ಪು ಬಿಡಿಸುತ್ತಿದ್ದಳೆಂದು ತಿಳಿಯಲಿಲ್ಲ. ಅವಳಿಗೆ ಆಸಕ್ತಿಯಿಲ್ಲ ಎಂದುಕೊಂಡಿದ್ದೆ. ಚಾಕುವಿನ ವಿಷಯದಲ್ಲಿ ಅವಳಿಗಿದ್ದ ತಿಳಿವಳಿಕೆ ನನಗಿಂತ ಹೆಚ್ಚಿನದು.

ಹಾಗಾದರೆ ಅವಳಿಗೆ ಇಂಥ ಕಥೆ ಇಲ್ಲದಿದ್ದರೆ, ಬರೀ ಬೇಸರವೇ ಆಗಿದ್ದರೆ, ನನ್ನ ಮುನಿಸು ನ್ಯಾಯವಾಗಿರುತ್ತಿತ್ತೇ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ನೋವಿನ ಕಾರಣ ತೋರಿಸಿದ ಮೇಲೆ ಕ್ಷಮಿಸುವುದು ಸುಲಭ. ಆಗ ನಾವು ದೊಡ್ಡವರಾಗುತ್ತೇವೆ. ಕಾರಣವೇ ಇಲ್ಲದ ‘ನನಗೆ ಬೇಡ’ ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ. ಎಷ್ಟೋ ಹೆಂಗಸರು ತಮಗೆ ಬೇಡವಾದುದನ್ನು ಬೇಡವೆನ್ನಲು ತಲೆನೋವಿನದೋ ಒಲೆ ಮೇಲಿನ ಹಾಲಿನದೋ ನೆಪ ಹುಡುಕಬೇಕು. ಬರೀ ಬೇಡ ಎಂದರೆ ಸಾಲದು ಎಂದು ಅವರಿಗೆ ಕಲಿಸಿದವರು ನಾವೇ.

ಆ ಹದೀಸನ್ನು ಮತ್ತೆ ಓದಿದೆ. ನಾನು ಅದನ್ನು ತಲೆಕೆಳಗಾಗಿ ಓದಿದ್ದೆ. ಅಲ್ಲಿ ಆಟ ನೋಡುವ ಆಸೆ ಆಯಿಶಾರದು, ನಿಂತವರು ಪ್ರವಾದಿ. ತಾವು ಮೆಚ್ಚಿದ್ದನ್ನು ನೋಡು ಬಾ ಎಂದು ಅವರು ಕರೆಯಲಿಲ್ಲ. ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸಿದ್ದು ನಿಂತವರ ಕಾಲುನೋವಲ್ಲ, ನೋಡುತ್ತಿದ್ದವರ ತೃಪ್ತಿ. ಅದನ್ನು ನನ್ನ ಹಕ್ಕಿನ ಪತ್ರವಾಗಿ ಅಷ್ಟು ವರ್ಷ ಹೇಗೆ ಬೀಸಿದೆನೋ. ನನ್ನ ಹೆಂಡತಿ ಯಾವುದನ್ನು ನೋಡಬಯಸುತ್ತಾಳೆ, ಅವಳ ಜೊತೆ ನಾನು ಎಲ್ಲಿ ಎಷ್ಟು ಹೊತ್ತು ನಿಂತಿದ್ದೇನೆ ಎಂದು ಕೇಳಿಕೊಂಡರೆ, ಮದುವೆ ಮನೆಗಳಲ್ಲಿ ಅವಳ ಮಾತು ಮುಗಿಯುವ ಮೊದಲೇ ಚಪ್ಪಲಿ ಹಾಕಿಕೊಂಡು ಹೊರಗೆ ಕಾದದ್ದಷ್ಟೇ ನೆನಪಾಗುತ್ತದೆ.

ಚಾಕುಗಳನ್ನು ಕೊಟ್ಟುಬಿಡಲೇ ಎಂದು ಕೇಳಿದೆ. “ನಿಮ್ಮ ಉಸ್ತಾದರದ್ದನ್ನು ಯಾಕೆ ಕೊಡುತ್ತೀರಿ? ಇರಲಿ” ಎಂದಳು. ಈಗ ಅವು ಒಂದೊಂದೂ ಬಟ್ಟೆಯಲ್ಲಿ ಸುತ್ತಿಕೊಂಡು ತಗಡಿನ ಪೆಟ್ಟಿಗೆಯಲ್ಲಿವೆ. ಹೋದ ತಿಂಗಳು ಗೆಳೆಯನೊಬ್ಬ ನೋಡಬೇಕೆಂದು ಬಂದ. ಚಾದರ ಹಾಸಲಿಲ್ಲ. ಒಂದನ್ನು ತೆಗೆದು ಹಿಡಿಯ ಕಡೆಯಿಂದ ಅವನ ಕೈಗಿಟ್ಟೆ, ಅದನ್ನು ಒಳಗಿಟ್ಟ ಮೇಲೆ ಇನ್ನೊಂದನ್ನು ತೆಗೆದೆ. ಉಕ್ಕಿನ ಕಥೆ ಶುರುಮಾಡಿ ಬುಕಾನನ್ ತನಕ ಬಂದಿದ್ದೆ. ಹೆಂಡತಿ ಚಹಾ ತಂದಿಟ್ಟು, ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದಳು. ಈ ಸಲ ಹಾಲಿನ ನೆಪ ಹೇಳಲಿಲ್ಲ.